ಕುಂಚದ ಕೂಲಿಯೂ ಮನಸ್ಸಾಕ್ಷಿಯೂ

ಭಾನುವಾರದ ಬಲಿಪೂಜೆ ಮುಗಿದ ಮೇಲೆ ಹೊಸಪೇಟೆಯ ತಾಯಿಯೊಬ್ಬರು ಹಿಂದೆ ಉಳಿದು, "ಫಾದರ್, ಈ ರೊಕ್ಕ ಮನಿಗೆ ತರಬಹುದಾ?" ಎಂದು ಕೇಳಿದರು. ಅವರ ಮಗಳು ಮನೆಯಲ್ಲೇ ಕುಳಿತು, ಕೇಳಿದವರಿಗೆ ಚಿತ್ರ ಬರೆದುಕೊಟ್ಟು ಸಂಪಾದಿಸುವವಳು. ರೆಕ್ಕೆಯ ಕುದುರೆ, ಕಿನ್ನರಿ, ಮಾಯಾನಗರಗಳನ್ನು ಬರೆಯುತ್ತಿದ್ದವಳಿಗೆ ಹಂಪಿಗೆ ಬಂದಿದ್ದ ವಿದೇಶಿ ಪ್ರವಾಸಿಯೊಬ್ಬರು ಈಗ ಟ್ಯಾರೋ ಕಟ್ಟಿನ 78 ಎಲೆಗಳಿಗೂ ಚಿತ್ರ ಬರೆಯುವ ಕೆಲಸ ಒಪ್ಪಿಸಿದ್ದಾರೆ. ಭವಿಷ್ಯ ನೋಡುವ ಎಲೆಗಳೆಂದು ತಿಳಿದ ತಂದೆ, ಎಲ್ಲವನ್ನೂ ಹರಿದುಹಾಕುವೆನೆಂದು ಕೂಗಾಡಿದ್ದಾರೆ.

ಕಲ್ಪನೆಯೇ ಪಾಪವೆಂದು ತಿಳಿಯುವವರು ವಿಜಯವಿಠ್ಠಲ ದೇವಾಲಯದ ಕಂಬಗಳ ಮುಂದೊಮ್ಮೆ ನಿಲ್ಲಲಿ. ಅಲ್ಲಿನ ಯಾಳಿಗಳನ್ನು ಯಾವ ಕಾಡಿನಲ್ಲಿಯೂ ಯಾರೂ ಕಂಡಿಲ್ಲ. ಇಲ್ಲದ್ದನ್ನು ಮನಸ್ಸಿನಲ್ಲಿ ಕಂಡು ರೂಪಿಸುವ ಶಕ್ತಿಯೂ ಸೃಷ್ಟಿಕರ್ತನ ಕೊಡುಗೆಯೇ. ಮಾಯಾಲೋಕದ ಕಥೆಗಳಿಂದ ಜಗತ್ಪ್ರಸಿದ್ಧರಾದ ಟೋಲ್ಕೀನ್ ನಿಷ್ಠಾವಂತ ಕಥೋಲಿಕರಾಗಿದ್ದರು. 1999ರಲ್ಲಿ ಜಗದ್ಗುರು ಎರಡನೆಯ ಜಾನ್ ಪೌಲರು ಕಲಾವಿದರಿಗೆಂದೇ ಒಂದು ಪತ್ರವನ್ನು ಬರೆದರು.

ಟ್ಯಾರೋ ಕೂಡ ಹುಟ್ಟಿನಿಂದ ಶಕುನದ ವಸ್ತುವಲ್ಲ. 15ನೆಯ ಶತಮಾನದ ಉತ್ತರ ಇಟಲಿಯಲ್ಲಿ ಅದು ನಮ್ಮ ಮೈಸೂರಿನ ಗಂಜೀಫಾದಂತೆ ಎಲೆಯಾಟವಾಗಿತ್ತು. ಭವಿಷ್ಯ ನೋಡುವ ರೂಢಿ ಹಬ್ಬಿದ್ದು 18ನೆಯ ಶತಮಾನದ ಫ್ರಾನ್ಸಿನಲ್ಲಿ. ಇಂದು ಎಲ್ಲೆಡೆ ಕಾಣುವ ಕಟ್ಟಿಗೆ 1909ರಲ್ಲಿ ಚಿತ್ರ ಬರೆದವರು ಪಮೇಲಾ ಕೋಲ್ಮನ್ ಸ್ಮಿತ್ ಎಂಬ ಮಹಿಳೆ. ಕಟ್ಟು ಪ್ರಸಿದ್ಧವಾದದ್ದು ಪ್ರಕಾಶಕರ ಮತ್ತು ಬರಹಗಾರರ ಹೆಸರಿನಲ್ಲಿ. ಆಕೆಗೆ ದಕ್ಕಿದ್ದು ಅಲ್ಪ ಕೂಲಿ. 1911ರಲ್ಲಿ ಆಕೆ ಕಥೋಲಿಕ ಧರ್ಮಸಭೆಯನ್ನು ಸೇರಿದರು. 1951ರಲ್ಲಿ ಬಡತನದಲ್ಲೇ ತೀರಿಕೊಂಡರು. ಟ್ಯಾರೋ ಬರೆದ ಕೈಗೆ ಧರ್ಮಸಭೆಯ ಬಾಗಿಲು ಮುಚ್ಚಿರಲಿಲ್ಲ ಎಂಬುದನ್ನು ಆ ತಂದೆ ಗಮನಿಸಬೇಕು.

ಹಾಗೆಂದು ಎಲ್ಲವೂ ಸರಿಯೆನ್ನಲಾಗದು. ಕುಶಲಕರ್ಮಿಗಳ ಹೊಣೆಯನ್ನು ಕುರಿತು ಸಂತ ತೋಮಾಸ್ ಅಕ್ವಿನಾಸರು ಒಂದು ವಿವೇಕದ ಗೆರೆಯನ್ನು ಎಳೆದಿದ್ದಾರೆ. ಕತ್ತಿ, ಬಾಣಗಳಂತೆ ಒಳಿತಿಗೂ ಕೆಡುಕಿಗೂ ಬಳಕೆಯಾಗುವ ವಸ್ತುವನ್ನು ಮಾಡುವುದು ಪಾಪವಲ್ಲ. ಪಾಪವಿಲ್ಲದೆ ಬಳಸಲಾಗದ ವಸ್ತುವನ್ನು ಮಾಡುವವನು ಮಾತ್ರ ಆ ಪಾಪದಲ್ಲಿ ಪಾಲುದಾರ. ಭವಿಷ್ಯ ನೋಡುವ ಎಲ್ಲ ವಿಧಾನಗಳನ್ನೂ ಧರ್ಮಸಭೆಯ ಧರ್ಮೋಪದೇಶ ಗ್ರಂಥವು ತನ್ನ 2116ನೆಯ ಪರಿಚ್ಛೇದದಲ್ಲಿ ನಿರಾಕರಿಸುತ್ತದೆ. ಆದ್ದರಿಂದ ಜಾತ್ರೆಯಲ್ಲಿ ಗಿಣಿಶಾಸ್ತ್ರದವನ ಮುಂದೆ ಕೂರುವ ನಮ್ಮವರು ಟ್ಯಾರೋವನ್ನಷ್ಟೇ ದೂರುವುದು ನ್ಯಾಯವಲ್ಲ.

ನನ್ನ ಅಭಿಪ್ರಾಯವಿಷ್ಟು: ಕಥೆಪುಸ್ತಕಕ್ಕೋ ಗೋಡೆಗೋ ಆಟಕ್ಕೋ ಬರೆಯುವ ಅದ್ಭುತಚಿತ್ರಗಳಿಗೆ ಅಂಜಬೇಕಿಲ್ಲ. ಶಕುನ ನೋಡುವುದಕ್ಕೆಂದೇ, ಅದರ ವಿಧಾನವನ್ನು ಹೇಳುವ ಪುಸ್ತಕದೊಡನೆ ಮಾರುವ ಕಟ್ಟಾದರೆ ವಿನಯದಿಂದ ಬೇಡವೆನ್ನಬೇಕು. ಮುಂಗಡ ಪಡೆಯುವ ಮೊದಲೇ ಉದ್ದೇಶವನ್ನು ಕೇಳಿ ತಿಳಿಯುವುದು ಕಲಾವಿದೆಯ ಕರ್ತವ್ಯ.

ಆದರೆ ಬೇಡವೆನ್ನಲು ಹೇಳುವ ನಾವು ಅವಳಿಗೆ ಏನು ಕೊಟ್ಟಿದ್ದೇವೆ? ಗೋದಲಿಯ ಹಿನ್ನೆಲೆ, ಹಬ್ಬದ ಫಲಕ, ಮಕ್ಕಳ ತರಗತಿಯ ಚಿತ್ರಪಟ ಎಲ್ಲವನ್ನೂ ಬರೆಸಿಕೊಂಡು, 'ದೇವರ ಸೇವೆ' ಎಂದು ಬರಿಗೈಯಲ್ಲಿ ಕಳುಹಿಸಿದ್ದೇವೆ. ಧ್ವನಿವರ್ಧಕದವನಿಗೂ ಶಾಮಿಯಾನದವನಿಗೂ ತಪ್ಪದೆ ಹಣ ಕೊಡುವ ನಮಗೆ ಕುಂಚದ ಶ್ರಮ ಮಾತ್ರ ಪುಕ್ಕಟೆಯಾಗಿ ಕಂಡಿದೆ. ಇದರಲ್ಲಿ ನನ್ನ ತಪ್ಪೂ ಇದೆ. ಸಂಡೂರು, ಕಂಪ್ಲಿಗಳ ನಮ್ಮ ಮನೆಗಳಲ್ಲಿಯೂ ಇಂಥ ಮಕ್ಕಳಿರಬಹುದು. ಅವರ ಚಿತ್ರಗಳನ್ನು ಹರಿಯುವ ಮೊದಲು ಹತ್ತಿರ ಕುಳಿತು ನೋಡಿರಿ.

ಈ ವರ್ಷದ ಗೋದಲಿಯ ಚಿತ್ರಕ್ಕೆ ಆ ಹುಡುಗಿಯನ್ನೇ ಕೇಳಲಿದ್ದೇನೆ, ಕೂಲಿಯನ್ನು ಮೊದಲೇ ನಿಗದಿಮಾಡಿ. ಆ ರೊಕ್ಕವನ್ನು ತಾಯಿ ಯಾರನ್ನೂ ಕೇಳದೆ ಮನೆಗೆ ತರಬಹುದು.