ಸಂತೆಯ ಶಬ್ದವೂ ನೆರೆಮನೆಯ ಡಾಲ್ಬಿಯೂ

ಅಕ್ಕಮಹಾದೇವಿಯವರ ವಚನಗಳಲ್ಲಿ ಬೆಟ್ಟ, ಕಡಲತೀರ, ಸಂತೆ ಎಂಬ ಮೂರು ಎಡೆಗಳಲ್ಲಿ ಮನೆ ಮಾಡಿದವರ ದೃಷ್ಟಾಂತವುಳ್ಳ ವಚನವು ಅತ್ಯಂತ ಜನಜನಿತವಾದವುಗಳಲ್ಲೊಂದು. ಶಾಲೆಯ ಮಕ್ಕಳೂ ಅದನ್ನು ಬಲ್ಲರು, ಗವಾಯಿಗಳೂ ಅದನ್ನು ಹಾಡುವರು. ಆದರೆ ಅದರ ಮೂರನೆಯ ದೃಷ್ಟಾಂತಕ್ಕೆ ಇತ್ತೀಚೆಗೆ ಒಂದು ವಿಚಿತ್ರ ಉಪಯೋಗ ಒದಗಿಬಂದಿದೆ. ನೆರೆಮನೆಯ ಹಾಡಿನ ಅಬ್ಬರಕ್ಕೆ ಬೇಸತ್ತ ಗೃಹಸ್ಥನೊಬ್ಬನು ಬಾಯಿ ತೆರೆದನೆಂದರೆ, ಓಣಿಯ ಯಾರಾದರೊಬ್ಬರು ನಗುತ್ತ ಅಕ್ಕನ ಸಂತೆಯ ಮಾತನ್ನು ತೆಗೆಯುತ್ತಾರೆ. ವಚನ ಬಂದಮೇಲೆ ಎದುರಾಡುವುದು ಹೇಗೆ? ದೂರು ಹೇಳಬಂದವನು ಸುಮ್ಮನೆ ಮನೆಗೆ ಹಿಂದಿರುಗುತ್ತಾನೆ. ನಿದ್ದೆಗೆಟ್ಟವನನ್ನು ಸುಮ್ಮನಾಗಿಸಲು ಶರಣೆಯ ನುಡಿಯನ್ನು ಬಳಸುವುದು ಸರಿಯೇ ಎಂಬುದು ಇಲ್ಲಿನ ಪ್ರಶ್ನೆ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳ ಜನರಿಗೆ ಈ ಸಂಕಟವನ್ನು ವಿವರಿಸಿ ಹೇಳಬೇಕಾಗಿಲ್ಲ. ಕೊಲ್ಹಾಪುರ, ಸಾಂಗಲಿಗಳ ಸೆರಗಿನಲ್ಲಿರುವ ಈ ಸೀಮೆಯಲ್ಲಿ ಆಳೆತ್ತರಕ್ಕೂ ಮೀರಿ ಪೇರಿಸಿದ ಧ್ವನಿಪೆಟ್ಟಿಗೆಗಳ ಸಾಲಿಗೆ 'ಡಾಲ್ಬಿ' ಎಂದೇ ಹೆಸರು. ಚಲನಚಿತ್ರ ಮಂದಿರಗಳಲ್ಲಿ ಧ್ವನಿಯನ್ನು ನಿರ್ಮಲಗೊಳಿಸುವ ತಂತ್ರಕ್ಕೆ ಹೆಸರಾದ ಸಂಸ್ಥೆಯೊಂದರ ನಾಮಧೇಯವು ಇಲ್ಲಿ ಕಿಟಕಿಯ ಗಾಜು ನಡುಗಿಸುವ ಯಂತ್ರಕ್ಕೆ ಅಂಟಿಕೊಂಡಿರುವುದು ಒಂದು ವಿನೋದ. ಗಣೇಶ ವಿಸರ್ಜನೆಯ ಮೆರವಣಿಗೆಗೆಂದು ಬಂದ ಡಾಲ್ಬಿಯು ಈಗ ಮದುವೆಯ ಹಿಂದಿನ ಅರಿಷಿಣಕ್ಕೆ, ತೊಟ್ಟಿಲ ಕಾರ್ಯಕ್ಕೆ, ಚುನಾವಣೆಯ ಗೆಲುವಿಗೆ, ಹುಟ್ಟುಹಬ್ಬಕ್ಕೆ ಕೂಡ ಬರುತ್ತದೆ. ಅದು ಬಾರದ ದಿನಗಳಲ್ಲಿ ಅದರ ಚಿಕ್ಕ ತಮ್ಮಂದಿರು ಮನೆಮನೆಯ ಅಟ್ಟದ ಮೇಲೆ, ಟ್ರ್ಯಾಕ್ಟರುಗಳ ಮೇಲೆ ಕುಳಿತಿರುತ್ತಾರೆ. ಕಬ್ಬಿನ ಗಾಡಿಗಳು ಹೊರಡುವ ಹಂಗಾಮಿನಲ್ಲಿ ನಡುರಾತ್ರಿಯ ರಸ್ತೆಯುದ್ದಕ್ಕೂ ಹಾಡು ಹರಿದುಹೋಗುವುದನ್ನು ಕೇಳದವರಾರು? ಟ್ರ್ಯಾಕ್ಟರಾದರೂ ಮುಂದೆ ಸಾಗುತ್ತದೆ, ನೆರೆಮನೆ ಸಾಗುವುದಿಲ್ಲ.

ಇನ್ನು ವಚನಕ್ಕೆ ಬರೋಣ. ಯಾವ ವಚನವನ್ನಾದರೂ ಅದರ ಮುಕ್ತಾಯದಿಂದ ಅರ್ಥೈಸಬೇಕೇ ಹೊರತು ನಡುವಿನ ಒಂದು ದೃಷ್ಟಾಂತವನ್ನು ಕಿತ್ತು ತೆಗೆದಲ್ಲ. ಅಕ್ಕನವರು ಆ ಮೂರು ದೃಷ್ಟಾಂತಗಳನ್ನು ಕೊಟ್ಟು ಕೊನೆಗೆ ಹೇಳುವುದು ಹೊಗಳಿಕೆ ಮತ್ತು ತೆಗಳಿಕೆಗಳ ವಿಷಯವನ್ನು. ಲೋಕದಲ್ಲಿ ಹುಟ್ಟಿಬಂದ ಮೇಲೆ ಅವೆರಡೂ ಬರುವುವು. ಬಂದಾಗ ಮನಸ್ಸು ಕೋಪಕ್ಕೆ ಎಡೆಗೊಡದೆ ನೆಲೆ ನಿಲ್ಲಬೇಕು ಎಂಬುದು ಅಲ್ಲಿಯ ತಾತ್ಪರ್ಯ. ಅಂದಮೇಲೆ ಅಲ್ಲಿ 'ಶಬ್ದ'ವೆಂದರೆ ಜನರ ನಾಲಗೆಯ ಶಬ್ದ. ಉಡುತಡಿಯ ಅರಸುಮನೆಯ ಬಾಳನ್ನು ತೊರೆದು, ತನ್ನ ದಾರಿಯನ್ನು ತಾನೇ ಹಿಡಿದು ಕಲ್ಯಾಣಕ್ಕೆ ನಡೆದುಬಂದ ಹೆಣ್ಣುಮಗಳ ಕಿವಿಗೆ ಎಂತೆಂತಹ ನುಡಿಗಳು ಬಿದ್ದಿರಬೇಕು! ಆ ಸಂತೆಯನ್ನು ಅಕ್ಕನವರು ತಿಳಿದೇ ಪ್ರವೇಶಿಸಿದವರು. ಆದುದರಿಂದ ಆ ವಚನವು ಕೇಳುವವನ ಮನಸ್ಸಿಗೆ ಕೊಟ್ಟ ಧೈರ್ಯ. ಶಬ್ದ ಮಾಡುವವನಿಗೆ ಕೊಟ್ಟ ಪರವಾನಗಿಯೆಂದು ಅದನ್ನು ಓದಲು ಅದರಲ್ಲಿ ಎಲ್ಲಿಯೂ ಆಸ್ಪದವಿಲ್ಲ.

ಇನ್ನೊಂದು ಮಾತು. ಸಂತೆಗೂ ಒಂದು ವಾರವಿದೆ, ಒಂದು ಹೊತ್ತಿದೆ. ಸೂರ್ಯ ಮುಳುಗುವ ವೇಳೆಗೆ ಅದು ಗಂಟುಮೂಟೆ ಕಟ್ಟಿಕೊಂಡು ಎದ್ದುಹೋಗುತ್ತದೆ. ರಾತ್ರಿ ಹನ್ನೊಂದಕ್ಕೆ ಎದೆಯ ಮೇಲೆ ಬಡಿಯುವ ಸಂತೆಯು ಹನ್ನೆರಡನೆಯ ಶತಮಾನದಲ್ಲಿ ಇರಲಿಲ್ಲ. ಓಣಿಯಲ್ಲಿ ಮನೆ ಕಟ್ಟಿದ ಗೃಹಸ್ಥನು ಸಂತೆಯಲ್ಲಿ ಕಟ್ಟಿದವನಲ್ಲ. ಸಂತೆಯನ್ನು ಅವನ ಬಾಗಿಲಿಗೆ ತಂದು ಇಳಿಸಲಾಗಿದೆ.

ಡಾಲ್ಬಿಯ ಶಬ್ದವು ಬಡಿಯುತ್ತದೆ ಎಂಬುದು ಬರಿಯ ಅಲಂಕಾರದ ಮಾತಲ್ಲ. ಧ್ವನಿಯನ್ನು ಅಳೆಯುವ ಡೆಸಿಬೆಲ್ ಎಂಬ ಮಾನವು ಸಾಮಾನ್ಯ ಅಳತೆಗೋಲಿನಂತೆ ಏರುವುದಿಲ್ಲ. ಹತ್ತು ಡೆಸಿಬೆಲ್ ಹೆಚ್ಚಾದರೆ ಧ್ವನಿಯ ಶಕ್ತಿಯು ಹತ್ತು ಪಟ್ಟು, ಇಪ್ಪತ್ತು ಹೆಚ್ಚಾದರೆ ನೂರು ಪಟ್ಟು. ಇಬ್ಬರು ಎದುರುಬದುರು ಕುಳಿತು ಮಾತನಾಡುವುದು ಸುಮಾರು 60 ಡೆಸಿಬೆಲ್ಲಿನಲ್ಲಿ. ಪೇರಿಸಿಟ್ಟ ಪೆಟ್ಟಿಗೆಗಳ ಮುಂದೆ ಅದು 100ನ್ನು ಸುಲಭವಾಗಿ ದಾಟುತ್ತದೆ. ಅದರಲ್ಲಿಯೂ 'ಬೇಸ್' ಎನ್ನುವ ತಗ್ಗಿನ ನಾದವು ಗೋಡೆಗೆ ತಡೆಯುವುದಲ್ಲ. ಬಾಗಿಲು ಮುಚ್ಚಿದರೆ ಹಾಡಿನ ಸಾಹಿತ್ಯ ಹೊರಗೆ ಉಳಿಯುತ್ತದೆ, ಬಡಿತ ಮಾತ್ರ ಒಳಗೆ ಬರುತ್ತದೆ. ಹೃದಯದ ಬೇನೆಯವರೂ ಬಾಣಂತಿಯರೂ ದೂರುವುದು ಈ ಬಡಿತವನ್ನೇ. 2023ರ ಸೆಪ್ಟೆಂಬರಿನಲ್ಲಿ ನೆರೆಯ ಸಾಂಗಲಿ ಜಿಲ್ಲೆಯಲ್ಲಿ ಗಣೇಶೋತ್ಸವದ ಮೆರವಣಿಗೆಗಳ ಡಾಲ್ಬಿಯ ಅಬ್ಬರದಲ್ಲಿ ಇಬ್ಬರು ಯುವಕರು ಕುಸಿದು ಮೃತಪಟ್ಟ ಸುದ್ದಿಯನ್ನು ಪತ್ರಿಕೆಗಳು ಪ್ರಕಟಿಸಿದ್ದವು. ನಮ್ಮ ಸೀಮೆಯ ಹಲಗೆ, ಕರಡಿಮಜಲು, ಡೊಳ್ಳುಗಳೂ ಮೃದುವಾದ ವಾದ್ಯಗಳೇನಲ್ಲ. ಆದರೆ ಅವುಗಳನ್ನು ನುಡಿಸುವವನ ತೋಳಿಗೆ ದಣಿವುಂಟು. ಯಂತ್ರಕ್ಕೆ ಅದಿಲ್ಲ.

ಕಾಯಿದೆ ಈ ವಿಷಯದಲ್ಲಿ ಅಸ್ಪಷ್ಟವಾಗಿಲ್ಲ. ಕೇಂದ್ರ ಸರ್ಕಾರದ ಶಬ್ದಮಾಲಿನ್ಯ (ನಿಯಂತ್ರಣ) ನಿಯಮಗಳು 2000ದ ಫೆಬ್ರುವರಿಯಿಂದ ಜಾರಿಯಲ್ಲಿವೆ. ಅವು ವಾಸದ ಪ್ರದೇಶಕ್ಕೆ ಹಗಲಿನಲ್ಲಿ 55, ರಾತ್ರಿಯಲ್ಲಿ 45 ಡೆಸಿಬೆಲ್ ಎಂದೂ, ವ್ಯಾಪಾರದ ಪ್ರದೇಶಕ್ಕೆ 65 ಮತ್ತು 55 ಎಂದೂ ಮಿತಿ ಹಾಕಿವೆ. ಸಂತೆಯೇ ಬೇರೆ, ಮನೆಯೇ ಬೇರೆ ಎಂಬ ವಿವೇಕವು ಆ ನಿಯಮಗಳಲ್ಲಿಯೂ ಇದೆ ಎಂಬುದನ್ನು ಗಮನಿಸಬೇಕು. ಖಾಸಗಿ ಸ್ಥಳದಲ್ಲಿ ಹಾಡು ಹಚ್ಚುವವನು ತನ್ನ ಗಡಿಗೋಡೆಯ ಬಳಿ ಈ ಮಿತಿಗಿಂತ 5 ಡೆಸಿಬೆಲ್ಲಿಗೆ ಮೀರಿ ಹೋಗುವಂತಿಲ್ಲ. ಧ್ವನಿವರ್ಧಕ ಹಚ್ಚಲು ಲಿಖಿತ ಅನುಮತಿ ಬೇಕು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಅದು ಸಲ್ಲದು. ಸಾಂಸ್ಕೃತಿಕ ಅಥವಾ ಧಾರ್ಮಿಕ ಹಬ್ಬಗಳಿಗಾಗಿ ರಾಜ್ಯ ಸರ್ಕಾರವು ವರ್ಷಕ್ಕೆ 15 ದಿನ ಮೀರದಂತೆ ರಾತ್ರಿ 12ರವರೆಗೆ ಸಡಿಲಿಕೆ ಕೊಡಬಹುದು. ಆ ಸಡಿಲಿಕೆಯು ಸರ್ಕಾರ ಗೊತ್ತುಪಡಿಸಿದ ಹಬ್ಬದ ದಿನಗಳಿಗೆ ಸಂಬಂಧಿಸಿದ್ದು. ಯಾರದೋ ಮಗನ ಹುಟ್ಟುಹಬ್ಬಕ್ಕೆ ಅಥವಾ ಅರಿಷಿಣದ ರಾತ್ರಿಗೆ ಅದು ಅನ್ವಯಿಸುವುದಿಲ್ಲ.

ಸರ್ವೋಚ್ಚ ನ್ಯಾಯಾಲಯವು 2005ರ ಜುಲೈ 18ರಂದು ಕೊಟ್ಟ ತೀರ್ಪು ಇನ್ನೂ ಮುಂದೆ ಹೋಯಿತು. ತನ್ನ ಮನೆಯಲ್ಲಿ ನೆಮ್ಮದಿಯಿಂದ ಇರುವುದು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದೂ, ಮಾತನಾಡುವ ಸ್ವಾತಂತ್ರ್ಯವುಳ್ಳವನು ಇತರರನ್ನು ಒತ್ತಾಯದ ಶ್ರೋತೃಗಳನ್ನಾಗಿ ಮಾಡಲಾಗದೆಂದೂ ಅದು ಹೇಳಿತು. ಆ ಪ್ರಕರಣದ ಮೂಲವನ್ನು ಓದಿದವರ ಎದೆ ನಡುಗದೆ ಇರದು. ದೆಹಲಿಯಲ್ಲಿ 13 ವರ್ಷದ ಬಾಲಕಿಯೊಬ್ಬಳ ಮೇಲೆ ಅತ್ಯಾಚಾರ ನಡೆದಾಗ, ನೆರೆಯ ಧ್ವನಿವರ್ಧಕದ ಅಬ್ಬರದಲ್ಲಿ ಆಕೆಯ ಕೂಗು ಯಾರ ಕಿವಿಗೂ ಮುಟ್ಟಲಿಲ್ಲ. ನೆರೆಹೊರೆ ಎಂಬುದು ಏತಕ್ಕಾಗಿ ಇದೆ? ಕೂಗಿದರೆ ಕೇಳಲಿ ಎಂದು. ಆ ಕೂಗೇ ಕೇಳದಂತೆ ಮಾಡುವ ಶಬ್ದಕ್ಕೆ ಸಂಭ್ರಮವೆಂಬ ಹೆಸರು ಹೊಂದುವುದೇ?

ಹಾಗಾದರೆ ನೆರೆಯವನೊಡನೆ ವ್ಯವಹರಿಸುವುದು ಹೇಗೆ? ಇಲ್ಲಿ ಅಕ್ಕನವರ ವಚನವು ನಿಜವಾಗಿ ಉಪಯೋಗಕ್ಕೆ ಬರುತ್ತದೆ, ಆದರೆ ಜನರು ಎಣಿಸಿದ ರೀತಿಯಲ್ಲಲ್ಲ. ಅದು ತ್ಯಜಿಸಲು ಹೇಳಿದ್ದು ಕೋಪವನ್ನು; ಮಾತನ್ನಲ್ಲ. ರಾತ್ರಿ ಹಾಡು ಕುದಿಯುತ್ತಿರುವಾಗ ಅಂಗಳಕ್ಕೆ ಹೋಗಿ ಬೀಗರೆದುರು ಕೂಗಾಡಿದವನಿಗೆ ಸಿಗುವುದು ಮರುಕೂಗು ಮಾತ್ರ. ಮಾನವು ಪಣಕ್ಕೆ ಬಿದ್ದ ಮೇಲೆ ಯಾವ ಯಜಮಾನನೂ ಗುಂಡಿ ತಿರುಗಿಸಿ ಸದ್ದು ತಗ್ಗಿಸುವುದಿಲ್ಲ. ಮರುದಿನ ಬೆಳಿಗ್ಗೆ, ಚಹದ ಹೊತ್ತಿನಲ್ಲಿ, ಒಬ್ಬನೇ ಹೋಗಿ, "ಯಣ್ಣಾ, ಹಬ್ಬ ಜೋರ ಆತ್ರಿ, ಖರೇ ನಮ್ಮ ಹುಡುಗಿದು ಹತ್ತನೇತ್ತೇ ಪರೀಕ್ಷಾ ಐತಿ, ಹತ್ತರ ಮ್ಯಾಲ ಒಂದೀಟ ಸಣ್ಣದ ಮಾಡಿಸ್ರಿ" ಎಂದರೆ ಒಪ್ಪದವರು ಕಡಿಮೆ. ಪೆಟ್ಟಿಗೆಯ ಮುಖವನ್ನು ಮನೆಗಳತ್ತ ಇಡದೆ ಬಯಲಿನತ್ತ ತಿರುಗಿಸುವುದು, ಬೇಸನ್ನು ಇಳಿಸುವುದು, ಪೆಟ್ಟಿಗೆಯನ್ನು ಕೂಡುಗೋಡೆಯಿಂದ ಸರಿಸುವುದು, ಇವು ಹಾಡನ್ನು ನಿಲ್ಲಿಸದೆಯೇ ಆಗುವ ಕೆಲಸಗಳು. ಅನೇಕ ವೇಳೆ ಹಾಡು ಹಚ್ಚಿದವನಿಗೆ ತನ್ನ ಗೋಡೆಯಾಚೆ ಅದು ಹೇಗೆ ಕೇಳುತ್ತದೆಂಬುದೇ ತಿಳಿದಿರುವುದಿಲ್ಲ. ಅವನನ್ನು ಒಮ್ಮೆ ಈಚೆಯ ಕೋಣೆಯಲ್ಲಿ ಕೂರಿಸಿದರೆ ಅರ್ಧ ವ್ಯಾಜ್ಯ ಮುಗಿದಂತೆ.

ಅದರಿಂದಾಗದಿದ್ದರೆ ಓಣಿಯ ಹಿರಿಯರು. ಅಲ್ಲಿಯೂ ಆಗದಿದ್ದರೆ ಪೊಲೀಸರು. ಈ ಕೊನೆಯ ಮೆಟ್ಟಿಲನ್ನು ಹತ್ತುವುದು ನೆರೆಗೆ ಬಗೆದ ದ್ರೋಹವೆಂಬ ಭಾವನೆ ಭಕ್ತರಲ್ಲಿ ಬಲವಾಗಿದೆ. ಲೋಕವನ್ನು ತಿದ್ದುವ ಮೊದಲು ತನ್ನನ್ನು ತಿದ್ದಿಕೊಳ್ಳಬೇಕೆಂಬ ಬಸವಣ್ಣನವರ ಬೋಧೆಯನ್ನು ಇದಕ್ಕೆ ಆಧಾರವಾಗಿ ಹೇಳುವುದೂ ಉಂಟು. ಆ ಬೋಧೆಯು ತಾನು ನಡೆಯದೆ ಪರರಿಗೆ ಉಪದೇಶಿಸುವವನಿಗೆ ಸಂಬಂಧಿಸಿದ್ದು. ಹಸುಗೂಸಿನ ನಿದ್ದೆಗಾಗಿ ಬೇಡುವವನು ಯಾರಿಗೂ ಉಪದೇಶ ಮಾಡುತ್ತಿಲ್ಲ. ಸಹನೆಯು ಸಹಿಸುವವನ ಸ್ವಂತ ಆಯ್ಕೆಯಾಗಿದ್ದರೆ ಮಾತ್ರ ಗುಣ; ಮನೆಯೊಡೆಯನು ತನ್ನ ಮುದಿತಾಯಿಯ ಪರವಾಗಿ, ತೊಟ್ಟಿಲ ಕೂಸಿನ ಪರವಾಗಿ ಅದನ್ನು ದಾನ ಮಾಡಲಾರನು. 112ಕ್ಕೆ ಕರೆ ಮಾಡಬಹುದು. ಲಿಖಿತ ದೂರನ್ನು ಜಿಲ್ಲಾಧಿಕಾರಿಗಳಿಗೆ ಅಥವಾ ಡಿವೈಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಗೆ ಕೊಡಬಹುದು. ಚಿಕ್ಕೋಡಿ, ಅಥಣಿಗಳಲ್ಲಿ ಡಿವೈಎಸ್‌ಪಿ ಕಚೇರಿಗಳಿವೆ. ದಿನಾಂಕ, ವೇಳೆ, ಎಷ್ಟು ಹೊತ್ತು ಎಂಬುದನ್ನು ಬರೆದಿಟ್ಟುಕೊಂಡ ದೂರಿಗೆ ಬೆಲೆ ಹೆಚ್ಚು.

ಗಡಿನಾಡಿನಲ್ಲಿ ಈ ದೂರಿಗೆ ಇನ್ನೊಂದು ಮುಳ್ಳಿದೆ. ಹಾಡು ಮರಾಠಿಯದಾಗಿದ್ದು ದೂರಿದವನು ಕನ್ನಡಿಗನಾದರೆ, ಅಥವಾ ಇದಕ್ಕೆ ತಿರುಗುಮುರುಗಾದರೆ, ಡೆಸಿಬೆಲ್ಲಿನ ಜಗಳವು ಕ್ಷಣಾರ್ಧದಲ್ಲಿ ಭಾಷೆಯ ಜಗಳವಾಗುತ್ತದೆ. ಜಯಂತಿ, ಉರುಸು, ಉತ್ಸವಗಳ ವಿಷಯದಲ್ಲಿ ಅದು ಜಾತಿಯ, ಮತದ ಜಗಳವೇ ಆಗುತ್ತದೆ. ದೂರುವವನು ಹಾಡಿನ ಭಾಷೆಯನ್ನೂ ಹಬ್ಬದ ಹೆಸರನ್ನೂ ಬಾಯಿಗೆ ತರಲೇಬಾರದು. ಗಂಟೆ ಎಷ್ಟಾಗಿದೆ, ಸದ್ದು ಎಷ್ಟಿದೆ ಎಂಬ ಎರಡೇ ಮಾತು ಸಾಕು. ಆದರೆ ಹಾಗೆ ಮಾತನಾಡಲು ನೈತಿಕ ಬಲ ಬರುವುದು ತನ್ನವರ ಹಬ್ಬದಲ್ಲಿಯೂ ಅದೇ ಎರಡು ಮಾತನ್ನು ಆಡಿದವನಿಗೆ. ಬಸವ ಜಯಂತಿಯ ಮೆರವಣಿಗೆಗಳಲ್ಲಿಯೂ ಡಾಲ್ಬಿ ಬರತೊಡಗಿದೆ. ಅದರ ಹಿಂದೆ ಕುಣಿಯುವ ತರುಣರ ಕೈಯಲ್ಲಿ ಬಸವಣ್ಣನವರ ಭಾವಚಿತ್ರವಿರುತ್ತದೆ, ಪೆಟ್ಟಿಗೆಯಿಂದ ಹೊರಡುವುದು ವಚನವಲ್ಲ. ಅದನ್ನು ನೋಡಿಯೂ ಸುಮ್ಮನಿದ್ದವರು ಮುಂದಿನ ಬೀದಿಯ ಉತ್ಸವದ ಬಗ್ಗೆ ಠಾಣೆಗೆ ಹೋದರೆ ಅವರ ದೂರನ್ನು ಯಾರು ನಂಬುವರು?

ಮಠ, ಗುಡಿಗಳ ಶಿಖರದ ಮಾತನ್ನೂ ಆಡಬೇಕು. ಬೆಳಗಿನ ಐದಕ್ಕೆ ಧ್ವನಿವರ್ಧಕದಲ್ಲಿ ಹಚ್ಚುವ ವಚನಗಾಯನವು ಹಚ್ಚಿದವರಿಗೆ ಪುಣ್ಯಕಾರ್ಯ. ಆರು ಗಂಟೆಯೊಳಗೆ ಹಚ್ಚಿದರೆ ನಿಯಮದ ಪ್ರಕಾರ ಅದು ರಾತ್ರಿಯ ಶಬ್ದ. ಪ್ರಾರ್ಥನೆಯನ್ನು ಧ್ವನಿವರ್ಧಕದಲ್ಲಿ ಮಾಡಬೇಕೆಂದು ಯಾವ ಧರ್ಮವೂ ವಿಧಿಸುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2000ದ ಆಗಸ್ಟಿನಲ್ಲಿಯೇ ಹೇಳಿದೆ. ಲಿಂಗಾಯತರಿಗೆ ಈ ಮಾತು ಎಲ್ಲರಿಗಿಂತ ಹಗುರವಾಗಿ ಒಪ್ಪಿಗೆಯಾಗಬೇಕಿತ್ತು. ಅಂಗೈಯ ಮೇಲೆ ನಡೆಯುವ ಇಷ್ಟಲಿಂಗ ಪೂಜೆಗೆ ಬೇಕಾದುದು ದೃಷ್ಟಿ ಮತ್ತು ಮೌನ. ಅಥಣಿಯ ಗಚ್ಚಿನಮಠದ ಮುರುಘೇಂದ್ರ ಶಿವಯೋಗಿಗಳು (1836–1921) ಈ ಊರುಗಳಿಗೆ ಧ್ವನಿವರ್ಧಕ ಬರುವ ಮೊದಲೇ ಲಿಂಗೈಕ್ಯರಾದವರು. ಅವರ ಕೀರ್ತಿ ಹೊಳೆ ದಾಟಿ, ಭಾಷೆಯ ಗಡಿ ದಾಟಿ ಹಬ್ಬಿತ್ತು.

ಆದುದರಿಂದ ಆರಂಭವು ನಮ್ಮ ಶಿಖರದಿಂದಲೇ ಆಗಲಿ. ಧ್ವನಿವರ್ಧಕದ ಬಾಯನ್ನು ಓಣಿಯತ್ತಣಿಂದ ಅಂಗಳದತ್ತ ತಿರುಗಿಸಲು ಏಣಿಯೊಂದು, ಪಾನಾ ಒಂದು ಇದ್ದರೆ ಸಾಕು. ಬೆಳಗಿನ ವಚನಗಾಯನವು ಆರರ ಮೇಲೆ ಆರಂಭವಾಗಲಿ. ಮುಂದಿನ ಬಸವ ಜಯಂತಿಯ ಪೂರ್ವಭಾವಿ ಸಭೆಯಲ್ಲಿ ಡಾಲ್ಬಿಯ ಮುಂಗಡ ಕೊಡುವ ಮೊದಲು ಕರಡಿಮಜಲಿನವರನ್ನು ಕರೆಸಿ ಕೇಳಲಿ. ಅವರಿಗೂ ಆ ದಿನ ಕೆಲಸ ಬೇಕಾಗಿದೆ.