ಮರದ ಅರಮನೆಗಳು

ಕಳೆದ ತಿಂಗಳು ಊರಿನಿಂದ ಅಣ್ಣನ ಫೋನು ಬಂದಿತ್ತು. ಮಳೆ, ಅಡಕೆ, ಅತ್ತಿಗೆಯ ಮೊಣಕಾಲುನೋವು ಎಲ್ಲ ಮುಗಿದ ಮೇಲೆ ಸ್ವಲ್ಪ ತಡೆದು, "ಪೇಟೆಯಿಂದ ಒಬ್ಬ ವ್ಯಾಪಾರಿ ಬಂದಿದ್ದ. ಹಳೆಯ ಮನೆಯ ಜಗಲಿಯ ನಾಲ್ಕು ಬೀಟೆ ಕಂಬಗಳನ್ನೂ ತಲೆಬಾಗಿಲನ್ನೂ ಕೇಳುತ್ತಾನೆ. ಯಾವುದೋ ಹೋಟೆಲಿಗಂತೆ. ಬೆಲೆ ಚೆನ್ನಾಗಿಯೇ ಹೇಳಿದ್ದಾನೆ. ನೀನೇನು ಹೇಳುತ್ತೀಯ?" ಎಂದ. ನಮಗೆ ಕೂಡಲೇ ಉತ್ತರ ಹೊಳೆಯಲಿಲ್ಲ. ಯೋಚಿಸಿ ಹೇಳುತ್ತೇವೆಂದು ಫೋನು ಇಟ್ಟೆವು. ಮುಂಬಯಿಯಲ್ಲೇ ಹುಟ್ಟಿ ಬೆಳೆದ ನಮ್ಮ ಮಗಳು ಕೇಳಿಸಿಕೊಳ್ಳುತ್ತಿದ್ದವಳು, "ಬರೀ ಮರ ತಾನೆ, ಅಪ್ಪ? ಅದಕ್ಕೇಕೆ ಇಷ್ಟು ಯೋಚನೆ?" ಎಂದಳು.

ವಾಚಕರಲ್ಲಿ ಅನೇಕರಿಗೆ ಇಂಥ ಫೋನು ಬಂದಿರಬೇಕು. ಬಾರದವರಿಗೆ ಮುಂದೆ ಬಂದೀತು. ಆದ್ದರಿಂದ ಈ ಸಲ ಮರದ ಮೇಲೆಯೇ ನಾಲ್ಕು ಮಾತು ಬರೆಯೋಣವೆಂದುಕೊಂಡೆವು. ನಮ್ಮ ಜಗಲಿಯ ಮರವಲ್ಲ. ಅರಸರ ಮನೆಯ ಮರ.

ಹಳೇಬೀಡಿಗೆ ಹೋದವರೆಲ್ಲ ಹೊಯ್ಸಳೇಶ್ವರ ದೇವಾಲಯವನ್ನು ನೋಡಿ ಬೆರಗಾಗಿ ಬರುತ್ತೇವೆ. ಅದನ್ನು ಕಟ್ಟಿದ ಕಾಲದ ಅರಸ ಎಲ್ಲಿ ಮಲಗುತ್ತಿದ್ದ, ಎಲ್ಲಿ ಊಟ ಮಾಡುತ್ತಿದ್ದ ಎಂದು ಯಾರಾದರೂ ಕೇಳಿದ್ದೇವೆಯೆ? ಕೇಳಿದರೂ ತೋರಿಸಲು ಹೆಚ್ಚೇನೂ ಇಲ್ಲ. ದೇವರ ಮನೆ ನಿಂತಿದೆ, ಅರಸನ ಮನೆ ನೆಲಸಮವಾಗಿದೆ. ಬಾದಾಮಿ, ಪಟ್ಟದಕಲ್ಲುಗಳ ಕಥೆಯೂ ಇದೇ. ನಮ್ಮ ನಾಡಿನಲ್ಲಿ ಬಹುಕಾಲ ನಡೆದು ಬಂದ ರೂಢಿಯೊಂದಿತ್ತು: ದೇವರಿಗೆ ಕಲ್ಲು, ಮನುಷ್ಯನಿಗೆ ಮರ. ಅರಸನಾದರೂ ಮನುಷ್ಯನೇ. ಆದರೆ ಅವನ ಮರ ಸಾಮಾನ್ಯದ ಮರವಾಗಿರಕೂಡದು.

ಅರಸನ ಮರಕ್ಕೆ ಮೊದಲ ಲಕ್ಷಣವೆಂದರೆ ಅದು ದೂರದಿಂದ ಬಂದಿರಬೇಕು. ಇಂದಿಗೆ ಸುಮಾರು ೪,೬೦೦ ವರ್ಷಗಳ ಹಿಂದೆ ಈಜಿಪ್ಟಿನ ಸ್ನೆಫೆರು ದೊರೆ ನಲವತ್ತು ಹಡಗುಗಳ ತುಂಬ ದೇವದಾರಿನ ಜಾತಿಯ ಮರ ತರಿಸಿದನೆಂದೂ ಅದರಿಂದ ಅರಮನೆಯ ಬಾಗಿಲುಗಳನ್ನು ಮಾಡಿಸಿದನೆಂದೂ ಆ ದೇಶದ ಪುರಾತನ ಶಿಲಾಲೇಖವೊಂದು ಹೇಳುತ್ತದೆ. ಈಜಿಪ್ಟಿನಲ್ಲಿ ಕಲ್ಲಿಗೆ ಬರವಿರಲಿಲ್ಲ. ಉದ್ದನೆಯ ಮರಕ್ಕೆ ಬರವಿತ್ತು. ಲೆಬನಾನಿನ ಬೆಟ್ಟದ ಮರ ಸಮುದ್ರ ದಾಟಿ ಬಾಗಿಲಾಗಿ ನಿಂತಿತೆಂದರೆ, ಒಳಗಿರುವವನ ಕೈ ಎಷ್ಟು ಉದ್ದವೆಂದು ಹೊರಗೆ ನಿಂತವನಿಗೆ ಬೇರೆ ಹೇಳಬೇಕಾಗಿರಲಿಲ್ಲ.

ಪಾರಸಿಕರ ದಾರಯವಹುಷ ದೊರೆ, ಅಂದರೆ ಇಂಗ್ಲಿಷ್ ಪುಸ್ತಕಗಳ ಡೇರಿಯಸ್, ಇದನ್ನು ಇನ್ನೂ ಸ್ಪಷ್ಟವಾಗಿ ಬರೆಯಿಸಿಟ್ಟ. ಕ್ರಿ.ಪೂ. ೫೨೨ರಿಂದ ೪೮೬ರವರೆಗೆ ಆಳಿದ ಅವನು ಸೂಸಾ ನಗರದಲ್ಲಿ ಅರಮನೆ ಕಟ್ಟಿಸಿ, ಯಾವ ವಸ್ತು ಯಾವ ದೇಶದಿಂದ ಬಂತು, ಯಾರು ಹೊತ್ತು ತಂದರು ಎಂಬ ಪಟ್ಟಿಯನ್ನೇ ಶಾಸನದಲ್ಲಿ ಕೆತ್ತಿಸಿದ. ದೇವದಾರು ಲೆಬನಾನಿನಿಂದ ಬಾಬಿಲೋನಿಗೆ, ಅಲ್ಲಿಂದ ಸೂಸಾಕ್ಕೆ. ದಂತ ನಮ್ಮ ಸಿಂಧೂ ದೇಶದಿಂದಲೂ ಬಂತು. 'ಯಕಾ' ಎಂಬ ಮರ ಗಾಂಧಾರದಿಂದ. ಈ ಯಕಾ ಬೇರೇನೂ ಅಲ್ಲ, ದೆಹಲಿಯ ನಮ್ಮ ಬಂಧುಗಳು ದಿನಾಲೂ ನೋಡುವ ಶೀಶಮ್ ಮರ. ಅಶೋಕವನದಲ್ಲಿ ಸೀತೆ ಕುಳಿತಿದ್ದ ಶಿಂಶುಪಾವೃಕ್ಷವೂ ಇದೇ ಎಂದು ಬಲ್ಲವರು ಹೇಳುತ್ತಾರೆ. ನಮ್ಮ ಮಲೆನಾಡಿನ ಬೀಟೆಗೆ ಇದು ಹತ್ತಿರದ ದಾಯಾದಿ.

ಹೀಗೆ ಅರಮನೆಯ ಮಾಡೆಂದರೆ ಬರೀ ಮಳೆಗೆ ತಡೆಯಲ್ಲ, ರಾಜ್ಯದ ನಕ್ಷೆ. ತಲೆಯೆತ್ತಿ ನೋಡಿದರೆ ಗೆದ್ದ ದೇಶಗಳೆಲ್ಲ ತೊಲೆಗಳಾಗಿ ಮಲಗಿರುತ್ತಿದ್ದವು. ಇದಕ್ಕೆ ಬೆಟ್ಟಗಳು ತೆತ್ತ ಬೆಲೆಯೂ ಸಣ್ಣದಲ್ಲ. ದೇವದಾರಿನ ಚಿತ್ರ ಇಂದು ಲೆಬನಾನಿನ ಬಾವುಟದಲ್ಲಿದೆ; ಬೆಟ್ಟದ ಮೇಲೆ ಹಳೆಯ ಕಾಡಿನ ಕೆಲವು ತೋಪುಗಳು ಮಾತ್ರ ಉಳಿದಿವೆ.

ಮರದ ಇನ್ನೊಂದು ಗುಣ ಅರಸರಿಗೆ ತಿಳಿಯದೆ ಇರಲಿಲ್ಲ. ಚಂದ್ರಗುಪ್ತ ಮೌರ್ಯನ ಆಸ್ಥಾನಕ್ಕೆ ಬಂದಿದ್ದ ಮೆಗಸ್ತನೀಸನು ಪಾಟಲೀಪುತ್ರದ ಸುತ್ತ ಮರದ ಕೋಟೆಯಿತ್ತೆಂದೂ ಅದಕ್ಕೆ ೬೪ ಬಾಗಿಲು, ೫೭೦ ಬುರುಜುಗಳೆಂದೂ ಬರೆದ. ಅದೇ ಕಾಲದವನೆಂದು ನಾವು ನಂಬಿರುವ ಕೌಟಿಲ್ಯನೋ, ಕೋಟೆಗೆ ಕಲ್ಲು ಇಟ್ಟಿಗೆಗಳಾಗಬಹುದು, ಮರ ಮಾತ್ರ ಬೇಡ, ಅದರೊಳಗೆ ಬೆಂಕಿ ಹೊಂಚುಹಾಕಿಕೊಂಡೇ ಇರುತ್ತದೆ ಎನ್ನುತ್ತಾನೆ. ಇಬ್ಬರ ಮಾತೂ ನಿಜವಾಯಿತು. ಪಾಟಣೆಯ ಬುಲಂದಿಬಾಗಿನಲ್ಲಿ ಅಗೆದಾಗ ಸಾಲಮರದ ದಪ್ಪ ದಿಮ್ಮಿಗಳ ಕೋಟೆ ಕೆಸರಿನಲ್ಲಿ ಹೂತು ಗಟ್ಟಿಯಾಗಿಯೇ ಸಿಕ್ಕಿತು. ಹತ್ತಿರದ ಕುಮ್ರಾಹಾರದಲ್ಲಿ ೧೯೧೨–೧೩ರಲ್ಲಿ, ಮುಂಬಯಿಯ ಸರ್ ರತನ್ ಟಾಟಾ ಕೊಟ್ಟ ಹಣದಿಂದ, ಸ್ಪೂನರ್ ಎಂಬ ಅಧಿಕಾರಿ ಎಂಬತ್ತು ಕಂಬಗಳ ಮಂಟಪವನ್ನು ಹುಡುಕಿ ತೆಗೆದ. ಕಲ್ಲಿನ ಕಂಬಗಳ ಮೇಲಿದ್ದ ಮರದ ಮಾಡಿನ ಗುರುತಾಗಿ ಅವನಿಗೆ ಸಿಕ್ಕಿದ್ದು ಬೂದಿಯ ಪದರ. ಪಾರಸಿಕರ ಪರ್ಸೆಪೊಲಿಸ್ ಅರಮನೆಯನ್ನು ಕ್ರಿ.ಪೂ. ೩೩೦ರಲ್ಲಿ ಅಲೆಕ್ಸಾಂಡರನ ಕಡೆಯವರು ಸುಟ್ಟಾಗಲೂ ಹೀಗೆಯೇ ಆಯಿತು. ದೇವದಾರಿನ ಮಾಡು ಇದ್ದಿಲಾಯಿತು, ಕಂಬಗಳು ಬೋಳಾಗಿ ನಿಂತವು. ಇಂದು ನಾವು ಚಿತ್ರಗಳಲ್ಲಿ ನೋಡಿ ಮೆಚ್ಚುವುದು ಅರಮನೆಯ ಎಲುಬನ್ನು.

ನಮ್ಮ ಹಂಪೆಯಲ್ಲಿಯೂ ಅಷ್ಟೆ. ಮಹಾನವಮಿ ದಿಬ್ಬದಿಂದ ಸ್ವಲ್ಪ ದೂರದಲ್ಲಿ ಅರಸರ ಸಭಾಮಂಟಪದ ಜಗತಿಯಿದೆ. ಹತ್ತು ಸಾಲು, ಸಾಲಿಗೆ ಹತ್ತರಂತೆ ಅಲ್ಲಿ ನೂರು ಕಲ್ಲಿನ ಪೀಠಗಳು. ಅವುಗಳ ಮೇಲೆ ನಿಂತಿದ್ದ ಮರದ ಕಂಬಗಳಲ್ಲಿ ಇಂದು ಒಂದೂ ಇಲ್ಲ. ೧೫೬೫ರ ಯುದ್ಧದ ನಂತರ ಊರು ಸೂರೆಹೋಯಿತು, ಬೆಂಕಿಗೆ ಸಿಕ್ಕಿತು. ಈಗ ಪ್ರವಾಸಕ್ಕೆ ಬಂದ ಮಕ್ಕಳು ಆ ಪೀಠದಿಂದ ಈ ಪೀಠಕ್ಕೆ ಕುಪ್ಪಳಿಸುತ್ತಾರೆ.

ಹಾಗಾದರೆ ಆ ಕಾಲದ ಮರದ ಮಾಡು ಹೇಗಿತ್ತೆಂದು ನೋಡುವ ದಾರಿಯೇ ಇಲ್ಲವೆ? ಇದೆ, ಅದೂ ಮುಂಬಯಿ–ಪುಣೆಯವರಿಗೆ ಒಂದು ಭಾನುವಾರದ ಹಾದಿ. ಲೋಣಾವಳದ ಹತ್ತಿರ ಕಾರ್ಲೆಯ ಗುಹೆಗೆ ಹೋಗಿ ತಲೆಯೆತ್ತಿ ನೋಡಿ. ಸುಮಾರು ನಲವತ್ತೈದು ಅಡಿ ಎತ್ತರದ ಕಮಾನಿನ ಛಾವಣಿಗೆ, ದೋಣಿಯ ಪಕ್ಕೆಲುಬುಗಳಂತೆ, ತೇಗದ ಬಾಗುಪಟ್ಟಿಗಳನ್ನು ಜೋಡಿಸಿದ್ದಾರೆ. ಬಂಡೆಗೆ ಆಧಾರ ಬೇಕಾಗಿರಲಿಲ್ಲ. ಮರದ ಮಹಾಭವನದಲ್ಲಿ ತೊಲೆ ಕಾಣುವುದು ವಾಡಿಕೆಯಾಗಿದ್ದರಿಂದ ಬಂಡೆಯೊಳಗೂ ಇಟ್ಟರು. ಸುಮಾರು ಎರಡು ಸಾವಿರ ವರ್ಷದ ಮರ ಇನ್ನೂ ಅಲ್ಲೇ ಇದೆ. ಜಂಬೂದ್ವೀಪದಲ್ಲೇ ಶ್ರೇಷ್ಠವಾದ ಈ ಶಿಲಾಭವನವನ್ನು ಮುಗಿಸಿದವನು ವೈಜಯಂತಿಯ ಭೂತಪಾಲನೆಂಬ ಸೆಟ್ಟಿ ಎಂದು ಅಲ್ಲಿನ ಶಾಸನ ಹೇಳುತ್ತದೆ. ವೈಜಯಂತಿ ಎಂದರೆ ನಮ್ಮ ಬನವಾಸಿ ಎಂಬುದು ವಿದ್ವಾಂಸರ ಮತ. ಊರು ಬಿಟ್ಟು ಇತ್ತ ಬಂದು ಹೆಸರು ಮಾಡಿದವರಲ್ಲಿ ನಾವು ಮೊದಲಿಗರಲ್ಲ, ನೋಡಿ!

ಕಾರ್ಲೆಯ ಮರ ಉಳಿದದ್ದೇಕೆ? ಅದಕ್ಕೆ ಮಳೆ ತಾಗಲಿಲ್ಲ. ಪಾಟಣೆಯ ದಿಮ್ಮಿ ಉಳಿದದ್ದೇಕೆ? ಅದು ಸದಾ ಒದ್ದೆ ಕೆಸರಿನಲ್ಲೇ ಇತ್ತು. ಮರವನ್ನು ಕೊಲ್ಲುವುದು ಒಮ್ಮೆ ನೆನೆದು ಒಮ್ಮೆ ಒಣಗುವ ಸ್ಥಿತಿ, ಎಂದರೆ ಸೋರುವ ಮಾಡು. ಇಲ್ಲವೆ ಬೆಂಕಿ. ಮೈಸೂರಿನ ಹಳೆಯ ಮರದ ಅರಮನೆ ೧೮೯೭ರ ಫೆಬ್ರವರಿಯಲ್ಲಿ ರಾಜಕುಮಾರಿಯ ಮದುವೆಯ ಸಂಭ್ರಮದಲ್ಲೇ ಉರಿದುಹೋಯಿತು. ೧೯೧೨ರಲ್ಲಿ ಮುಗಿದ ಈಗಿನ ಅರಮನೆಗೆ ಇರ್ವಿನ್ ಸಾಹೇಬರು ಕಲ್ಲು ಕಬ್ಬಿಣಗಳನ್ನು ಬಳಸಿದರು. ಆದರೂ ಅಂಬಾವಿಲಾಸದ ಬಾಗಿಲಿಗೆ ದಂತದ ಕುಸುರಿಯ ಬೀಟೆಯೇ ಬೇಕಾಯಿತು. ಭಾರ ಹೊರುವ ಕೆಲಸ ಕಬ್ಬಿಣಕ್ಕೆ ಹೋಯಿತು. ಮರ್ಯಾದೆ ಮರದಲ್ಲೇ ಉಳಿಯಿತು.

ಮಾರಿಹೋದ ಮರದ ಕಥೆಯೂ ಒಂದಿದೆ. ಶ್ರೀರಂಗಪಟ್ಟಣದ ಟೀಪೂ ಅರಮನೆಯ ತೊಲೆಗಳನ್ನು ಬಿಚ್ಚಿ ಸಾಗಿಸಿ, ೧೮೩೦ರ ಸುಮಾರಿಗೆ ಊಟಿಯ ಸೇಂಟ್ ಸ್ಟೀಫನ್ಸ್ ಚರ್ಚಿಗೆ ಹಾಕಿದರು. ಅವು ಇಂದಿಗೂ ಅಲ್ಲಿ ಚೆನ್ನಾಗಿವೆ. ಅರಮನೆ ಮಾತ್ರ ಇಲ್ಲ. ಇದನ್ನು ಓದಿದಾಗ ನಮಗೆ ವ್ಯಾಪಾರಿಯ ಮೇಲಿದ್ದ ಕೋಪ ಅರ್ಧ ಇಳಿಯಿತು. ಹೋಟೆಲಿನಲ್ಲಾದರೂ ನಮ್ಮ ಕಂಬ ಒಣಗಿದ ನೆಲದ ಮೇಲೆ ನಿಂತೀತು. ಮಾರಬೇಡವೆನ್ನಲು ನಮಗೇನು ಹಕ್ಕು? ಇಪ್ಪತ್ತು ವರ್ಷಗಳಿಂದ ಆ ಮನೆಗೆ ನಾವು ಒಂದು ಹೆಂಚನ್ನೂ ಹೊದಿಸಿದವರಲ್ಲ.

ಕಲ್ಲಿಗೆ ನಾವು ಬೇಕಾಗಿಲ್ಲ. ಬಿಟ್ಟುಹೋದರೂ ಅದು ಕಾದಿರುತ್ತದೆ. ಮರಕ್ಕೆ ಮನುಷ್ಯ ಬೇಕು. ಅರಸರು ಹೋದ ಮೇಲೆ ಅರಮನೆಗಳು ಹೋದದ್ದು ಇದಕ್ಕೇ.

ಇದನ್ನೆಲ್ಲ ಮಗಳಿಗೆ ಹೇಳಿ, ಅಣ್ಣನಿಗೆ ಫೋನು ಮಾಡಿದೆವು. "ಕಂಬ ಕೊಡುವುದು ಬೇಡ. ಈ ಬೇಸಗೆಯಲ್ಲಿ ಹೆಂಚು ಕೈಯಾಡಿಸುವ ಖರ್ಚೆಲ್ಲ ನಮ್ಮದು" ಎಂದೆವು, ಸ್ವಲ್ಪ ಗತ್ತಿನಿಂದಲೇ.

ಅಣ್ಣ ನಕ್ಕ. "ದುಡ್ಡು ಕಳಿಸು, ಬೇಡವೆನ್ನುವುದಿಲ್ಲ. ಆದರೆ ಒಲೆ ಉರಿಯದ ಮನೆಯ ಜಂತೆಗೆ ಕುಟ್ಟೆ ಹಿಡಿಯುತ್ತದೆ ಕಣೋ. ಹೊಗೆ ಹೋಗಬೇಕು. ಮಕ್ಕಳನ್ನು ಕರೆದುಕೊಂಡು ಬಂದು ಹದಿನೈದು ದಿನ ಅಲ್ಲಿ ಅಡುಗೆ ಮಾಡಿಕೊಂಡಿರಿ. ಆಮೇಲೆ ಕಂಬದ ಮಾತು ಆಡೋಣ" ಎಂದ.

ಮೇ ತಿಂಗಳಿಗೆ ರೈಲಿನ ಟಿಕೆಟ್ಟು ತೆಗೆಸಿದ್ದೇವೆ. ಸೌದೆ ಒಲೆ ಹಚ್ಚುವುದು ಹೇಗೆಂದು ಮಗಳು ಈಗಲೇ ಕೇಳುತ್ತಿದ್ದಾಳೆ.