ಹದಿಹರೆಯದ ಅಧ್ಯಯನ ನಮ್ಮ ತಾಲ್ಲೂಕುಗಳಿಗೂ ಬೇಕು: ಆಕ್ಷೇಪಗಳಿಗೆ ಉತ್ತರ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿ ಒಂದು ಶೈಕ್ಷಣಿಕ ಜಿಲ್ಲೆ. ಇಲ್ಲಿನ ಹದಿಹರೆಯದ ಮಕ್ಕಳ ಬದುಕನ್ನು ಶ್ರದ್ಧೆಯಿಂದ ಅಧ್ಯಯನ ಮಾಡಬೇಕು, ಅದಕ್ಕೆ ಪ್ರಾಧ್ಯಾಪಕಿ ಟಿ.ಎಸ್. ಸರಸ್ವತಿಯವರ ಕೆಲಸ ದಾರಿ ತೋರಿಸುತ್ತದೆ ಎಂದಾಗಲೆಲ್ಲ ಕೆಲವು ಆಕ್ಷೇಪಗಳು ಏಳುತ್ತವೆ. ಎತ್ತುವವರು ಮಕ್ಕಳ ಹಿತ ಬಯಸುವವರೇ. ಆದ್ದರಿಂದಲೇ ಉತ್ತರ ಕೊಡಬೇಕು.

"ಬರೋಡಾದಲ್ಲಿ ಕೂತು ಬರೆದ ಪುಸ್ತಕದ ಬದನೆಕಾಯಿ ನಮಗೇಕೆ?" ಎನ್ನುವುದು ಮೊದಲನೆಯದು. ಸರಸ್ವತಿಯವರು ಬರೋಡಾದ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ ಮಾನವ ವಿಕಾಸ ವಿಷಯದ ಹಿರಿಯ ಪ್ರಾಧ್ಯಾಪಕಿಯಾಗಿದ್ದವರು, ನಿಜ. ಆದರೆ 1988ರಲ್ಲಿ ರಂಜನಾ ದತ್ತಾ ಅವರ ಜೊತೆ ಹೊರತಂದ 'ಇನ್‌ವಿಸಿಬಲ್ ಬೌಂಡರೀಸ್' ಗ್ರಂಥಾಲಯದಲ್ಲಿ ಹುಟ್ಟಿದ್ದಲ್ಲ. ಗುಜರಾತಿನ ಬಡ ಹಳ್ಳಿ ಮತ್ತು ಕೊಳೆಗೇರಿಯ ಹೆಣ್ಣುಮಕ್ಕಳು ಚಿಕ್ಕಂದಿನಿಂದಲೇ ದೊಡ್ಡವರ ಕೆಲಸಕ್ಕೆ ಹೇಗೆ ಪಳಗುತ್ತಾರೆ ಎಂಬುದರ ವಿವರ ಅದು.

ಈಗ ಪಾವಗಡದ ಕಡೆಗೆ ಬನ್ನಿ. ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಇರುವ ಊರುಗಳಲ್ಲಿ ಕುಡಿಯುವುದಕ್ಕೆ ಶುದ್ಧ ನೀರಿನ ಘಟಕವೇ ಗತಿ. ಬೆಳಿಗ್ಗೆ ಅಲ್ಲಿ ಇಪ್ಪತ್ತು ಲೀಟರಿನ ಕ್ಯಾನ್ ಹಿಡಿದು ಸಾಲಿನಲ್ಲಿ ನಿಂತ ಹೈಸ್ಕೂಲು ಹುಡುಗಿಯನ್ನು ಗಮನಿಸಿ. ನಾಣ್ಯ ಹಾಕಬೇಕು, ಕ್ಯಾನ್ ತುಂಬಬೇಕು, ಸೊಂಟದ ಮೇಲಿಟ್ಟು ಮನೆಗೆ ತರಬೇಕು. ಒಲೆ ಹಚ್ಚಿ, ತಂಗಿಗೆ ಜಡೆ ಹಾಕಿದ ಮೇಲೆ ಅವಳ ಸಮವಸ್ತ್ರದ ಸರದಿ. ಅಷ್ಟು ಹೊತ್ತಿಗೂ ಅಣ್ಣನ ಹಾಸಿಗೆ ಮಡಿಸಿರುವುದಿಲ್ಲ. ಮೊದಲ ಪೀರಿಯಡ್ಡಿನಲ್ಲೇ ಅವಳು ತೂಕಡಿಸಿದರೆ ನಾವು 'ಕಲಿಕೆಯಲ್ಲಿ ಹಿಂದೆ' ಎಂದು ಷರಾ ಬರೆಯುತ್ತೇವೆ. ಆ ಬೆಳಗ್ಗೆಯ ಲೆಕ್ಕ ಇಡುವ ವಿದ್ಯೆ ನಮಗೆ ಬೇಡವೆ?

ಎರಡನೆಯ ಆಕ್ಷೇಪಕ್ಕೆ ಹೆಚ್ಚು ತೂಕವಿದೆ: ಇದೆಲ್ಲ ವಿದೇಶಿ ಅಳತೆಗೋಲು, ನಮ್ಮ ಮಕ್ಕಳಿಗೆ ಹೊಂದುವುದಿಲ್ಲ. ಕಾಳಜಿ ಸರಿ, ಆದರೆ ಗುರಿ ತಪ್ಪಿದೆ. ಹದಿಹರೆಯವೆಂದರೆ ತುಮುಲದ ಕಾಲ ಎಂದು ಅಮೆರಿಕದ ಮನೋವಿಜ್ಞಾನಿ ಸ್ಟ್ಯಾನ್ಲಿ ಹಾಲ್ 1904ರಲ್ಲಿ ಬರೆದದ್ದನ್ನು ಲೋಕವೆಲ್ಲ ಹೊತ್ತು ತಿರುಗಿತು. ಭಾರತದಲ್ಲಿ ಹಾಗೊಂದು ಪ್ರತ್ಯೇಕ ಘಟ್ಟ ಎಲ್ಲರಿಗೂ ಇದೆಯೇ ಎಂದು 1999ರಲ್ಲಿ ನೇರವಾಗಿ ಕೇಳಿದವರಲ್ಲಿ ಸರಸ್ವತಿಯವರೇ ಇದ್ದಾರೆ. ಬಡ ಮನೆಯಲ್ಲಿ, ಅದರಲ್ಲೂ ಹೆಣ್ಣುಮಕ್ಕಳಲ್ಲಿ, ಬಾಲ್ಯ ನೇರವಾಗಿ ದೊಡ್ಡವರ ಬದುಕಿಗೆ ಬೆಸೆದುಕೊಳ್ಳುತ್ತದೆ. ಓದು ಮುಂದುವರಿಯುವ ಮನೆಗಳಲ್ಲಿ ಮಾತ್ರ ನಡುವಿನ ಆ ವಯಸ್ಸು ಎದ್ದು ಕಾಣುತ್ತದೆ ಎಂಬುದು ಅವರ ವಾದ. 2002ರಲ್ಲಿ ಬ್ರೌನ್ ಮತ್ತು ಲಾರ್ಸನ್ ಜೊತೆ ಸಂಪಾದಿಸಿದ ಗ್ರಂಥದಲ್ಲಿ ಜಗತ್ತಿನ ಎಂಟು ಪ್ರದೇಶಗಳ ಯುವಜನರನ್ನು ಆಯಾ ನೆಲದ ಕಣ್ಣಿನಿಂದಲೇ ನೋಡುವ ಯತ್ನವಿದೆ. ಮನೋವಿಜ್ಞಾನದ ಬಹುಪಾಲು ತೀರ್ಮಾನಗಳು ಪಾಶ್ಚಾತ್ಯ ಸಮಾಜಗಳ ಮೇಲಷ್ಟೇ ನಿಂತಿವೆ ಎಂದು ಸಂಶೋಧಕ ಹೆನ್ರಿಕ್ ಮತ್ತು ಸಂಗಡಿಗರು ಎಚ್ಚರಿಸಿ ಜಗತ್ತಿನ ಗಮನ ಸೆಳೆದದ್ದು ಇದಾದ ಎಷ್ಟೋ ವರ್ಷಗಳ ಮೇಲೆ, 2010ರಲ್ಲಿ. ಪರದೇಶದ ಅಳತೆಗೋಲನ್ನು ಪ್ರಶ್ನಿಸುವವರಿಗೆ ಸರಸ್ವತಿಯವರು ಎದುರಾಳಿಯಲ್ಲ, ಮುಂಚೂಣಿಯ ಜೊತೆಗಾರ್ತಿ. ಮೈಸೂರಿನಲ್ಲೂ ಈ ಎಚ್ಚರ ಹಳೆಯದು. ಲಂಡನ್ನಿನಲ್ಲಿ ಓದಿ ಬಂದು 1924ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಮನೋವಿಜ್ಞಾನ ವಿಭಾಗ ಕಟ್ಟಿದ ಎಂ.ವಿ. ಗೋಪಾಲಸ್ವಾಮಿ ಪಾಶ್ಚಾತ್ಯ ಬುದ್ಧಿಪರೀಕ್ಷೆಗಳನ್ನು ಇಲ್ಲಿನ ಮಕ್ಕಳಿಗೆ ಒಗ್ಗಿಸುವ ಕೆಲಸಕ್ಕೆ ಕೈಹಾಕಿದ್ದರು.

ನಾಲ್ಕು ತಾಲ್ಲೂಕಿನೊಳಗೆ ಹೋಲಿಸಲು ಬೇರೆ ಬೇರೆ ಸಂಸ್ಕೃತಿಗಳೆಲ್ಲಿ ಎನ್ನುವವರೂ ಇದ್ದಾರೆ. ಪಾವಗಡದ ಎಷ್ಟೋ ಮನೆಗಳಲ್ಲಿ ತೆಲುಗು, ಶಿರಾ ಪೇಟೆಯಲ್ಲಿ ಉರ್ದು, ಹಳ್ಳಿಗಳಾಚೆ ತನ್ನದೇ ಕಟ್ಟುಪಾಡಿನ ಗೊಲ್ಲರಹಟ್ಟಿ. ಇನ್ನೆಷ್ಟು ಬೇಕು?

ಕೊನೆಯದು ನನ್ನನ್ನು ಹೆಚ್ಚು ನೋಯಿಸುವ ಮಾತು: "ಎಸ್ಸೆಸ್ಸೆಲ್ಸಿ ಫಲಿತಾಂಶ ಇದೆಯಲ್ಲ, ಅದೇ ಸಾಕು." 2023ರಲ್ಲಿ ರಾಜ್ಯದ ಫಲಿತಾಂಶ ಶೇ. 83.89. ಮರುವರ್ಷ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂತು. ಕೃಪಾಂಕ ಹೆಚ್ಚಿಸಿದರೂ ಫಲಿತಾಂಶ ಶೇ. 73.40ಕ್ಕೆ ಇಳಿಯಿತು. ಒಂದೇ ವರ್ಷದಲ್ಲಿ ಮಕ್ಕಳೇನೂ ದಡ್ಡರಾಗಲಿಲ್ಲ, ಪರೀಕ್ಷೆ ನಡೆಸುವ ರೀತಿ ಬದಲಾಯಿತು. ಪರೀಕ್ಷೆಗೆ ಕೂರುವ ಮೊದಲೇ ಶಾಲೆ ಬಿಟ್ಟವರು ಆ ಅಂಕಿಯಲ್ಲಿ ಇಲ್ಲವೇ ಇಲ್ಲ. ಪಾಸಾದವರು ಪಿಯುಸಿಗೆ ಹೋದರೋ, ಗಾರ್ಮೆಂಟ್ಸಿಗೋ, ಮದುವೆ ಮಂಟಪಕ್ಕೋ ಎಂಬುದನ್ನೂ ಅದು ಹೇಳುವುದಿಲ್ಲ. ಮನೆಯ ಸ್ಥಿತಿಯೂ ಅದರಲ್ಲಿ ಕಾಣುವುದಿಲ್ಲ. ಪಾವಗಡ ತಾಲ್ಲೂಕಿನ ತಿರುಮಣಿಯ ಸುತ್ತ ಸುಮಾರು 13,000 ಎಕರೆ ಸೋಲಾರ್ ಪಾರ್ಕಿಗೆ ಗುತ್ತಿಗೆ ಹೋಯಿತು. ಜಮೀನು ಕೊಟ್ಟವನ ಮಗ, ಅದೇ ಜಮೀನಿನಲ್ಲಿ ಕಡಲೆಕಾಯಿ ಕೀಳಲು ಕೂಲಿಗೆ ಬರುತ್ತಿದ್ದವನ ಮಗ, ಇಬ್ಬರೂ ಒಂದೇ ಬೆಂಚಿನಲ್ಲಿ ಕೂತಿರಬಹುದು. ಓದಿನಿಂದ ಇಬ್ಬರೂ ಬಯಸುವುದು ಒಂದೇ ಏನು? ಅಂಕಪಟ್ಟಿಯಲ್ಲಿ ಇದಕ್ಕೆ ಕಾಲಂ ಇಲ್ಲ.

ಸರಸ್ವತಿಯವರು ಬರೆದದ್ದು ಇಂಗ್ಲಿಷಿನಲ್ಲಿ, ಸಾಮಾನ್ಯ ಓದುಗರಿಗೆ ಅದು ದೂರ ಎಂಬ ಮಾತನ್ನು ಒಪ್ಪುತ್ತೇನೆ. ಆ ದೂರ ಕಡಿಮೆ ಮಾಡಬೇಕಾದವರು ನಾವೇ. ತುಮಕೂರು ವಿಶ್ವವಿದ್ಯಾಲಯವೂ ಮಧುಗಿರಿಯ ಶಿಕ್ಷಣ ಇಲಾಖೆ ಉಪನಿರ್ದೇಶಕರ ಕಚೇರಿಯೂ ಕೈಜೋಡಿಸಿ, ಪ್ರತಿ ತಾಲ್ಲೂಕಿನ ಕೆಲವು ಹೈಸ್ಕೂಲುಗಳ ಹತ್ತನೇ ತರಗತಿ ಮಕ್ಕಳನ್ನು, ಪಾಸಾದವರನ್ನೂ ನಪಾಸಾದವರನ್ನೂ, ಮುಂದಿನ ಮೂರು ವರ್ಷ ಹಿಂಬಾಲಿಸಿ ವಿಚಾರಿಸಲಿ. ಪ್ರಶ್ನೆಗಳು ಕನ್ನಡದಲ್ಲಿರಲಿ, ಬೇಕಾದ ಕಡೆ ತೆಲುಗು, ಉರ್ದುವಿನಲ್ಲೂ ಇರಲಿ. ಆಕ್ಷೇಪ ಎತ್ತಿದ ಶಿಕ್ಷಕರೇ ಮೊದಲು ಆ ಮನೆಗಳಿಗೆ ಹೋಗಬೇಕೆಂದು ಕೇಳಿಕೊಳ್ಳುತ್ತೇನೆ.